ಫೋನಿಗೇ ಕೀಬೋರ್ಡ್, ಮೌಸ್ ಹಾಕಿ ಕೆಲಸ ಮಾಡಿ

ಕೊಡಗಿನಲ್ಲಿ ಮಳೆ ಹಿಡಿದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳುವಂತಿಲ್ಲ. ತಂತಿ ಮೇಲೆ ಮರ ಬಿದ್ದರಂತೂ ಮುಗಿಯಿತು, ಮೇಜಿನ ಮೇಲಿನ ಕಂಪ್ಯೂಟರ್ ಸುಮ್ನೆ ಕೂರುತ್ತದೆ. ಪವರ್‌ಬ್ಯಾಂಕೋ ಜೀಪಿನ ಚಾರ್ಜರೋ ಇದ್ದರೆ ಫೋನ್ ಮಾತ್ರ ನಡೆಯುತ್ತಿರುತ್ತದೆ. ಹೋಂಸ್ಟೇ ಬುಕಿಂಗಿಗೆ ಉತ್ತರ, ತೋಟದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಲೆಕ್ಕ), ಮಕ್ಕಳ ಅಸೈನ್‌ಮೆಂಟ್ ಎಲ್ಲವೂ ಅದರಲ್ಲೇ ಆಗಬೇಕು. ಎರಡು ಹೆಬ್ಬೆರಳಲ್ಲಿ ಅಷ್ಟೆಲ್ಲ ಒತ್ತುವ ಬದಲು, ಆ ಕಂಪ್ಯೂಟರಿನ ಕೀಬೋರ್ಡ್, ಮೌಸನ್ನೇ ಬಿಚ್ಚಿ ಫೋನಿಗೆ ಹಾಕಬಹುದು.

ಮೊದಲು ತಂತಿಯ ದಾರಿ

ಇದಕ್ಕೆ ಬೇಕಾದದ್ದು ಒಂದು ಓಟಿಜಿ ಅಡಾಪ್ಟರ್, ಅಂದರೆ ಫೋನಿನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿ ಇನ್ನೊಂದು ಕಡೆಗೆ ಕೀಬೋರ್ಡ್, ಮೌಸಿನ ಯುಎಸ್‌ಬಿ ತಂತಿ ಹಾಕುವ ಪುಟ್ಟ ಕೊಂಡಿ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರ ಎಲ್ಲೇ ಆಗಲಿ, ಮೊಬೈಲ್ ಅಂಗಡಿಯಲ್ಲಿ ‘ಓಟಿಜಿ’ ಅಂದರೆ ಸಾಕು, ಅರ್ಥವಾಗುತ್ತದೆ. ಈಚಿನ ಫೋನಿಗೆ ಟೈಪ್‌-ಸಿ, ಹಳೆಯದಕ್ಕೆ ಮೈಕ್ರೋ ಯುಎಸ್‌ಬಿ. ಯಾವುದು ಅಂತ ಗೊಂದಲವಿದ್ದರೆ ಫೋನನ್ನೇ ತೋರಿಸಿ. ಬರೀ ಚಾರ್ಜಿಂಗ್ ಕೇಬಲ್ಲಿನಿಂದ ಈ ಕೆಲಸ ಆಗುವುದಿಲ್ಲ. ‘ಇಲ್ಲಿ ಯಜಮಾನ ನೀನೇ, ಕರೆಂಟೂ ನೀನೇ ಕೊಡಬೇಕು’ ಅಂತ ಫೋನಿಗೆ ತಿಳಿಸುವ ವೈರಿಂಗ್ ಓಟಿಜಿಯಲ್ಲಿ ಇರುತ್ತದೆ.

ಅಡಾಪ್ಟರನ್ನು ಫೋನಿಗೆ ಸಿಕ್ಕಿಸಿ, ಅದರ ಬಾಯಿಗೆ ಮೌಸ್ ಹಾಕಿ. ಮೌಸ್ ಅಲ್ಲಾಡಿಸಿದರೆ ಪರದೆಯ ಮೇಲೆ ಬಾಣ ಕಾಣಿಸಬೇಕು. ಆಂಡ್ರಾಯ್ಡಿನಲ್ಲಿ ಬೇರೆ ಆ್ಯಪ್ ಏನೂ ಬೇಡ. ಬಾಣ ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಓಟಿಜಿ’ ಅಂತ ಹುಡುಕಿ ನೋಡಿ. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್‌ನ ಹಲವು ಫೋನುಗಳಲ್ಲಿ ಅದನ್ನು ನಾವೇ ಆನ್ ಮಾಡಬೇಕು. ಸ್ವಲ್ಪ ಹೊತ್ತು ಬಳಸದಿದ್ದರೆ ತಾನಾಗಿ ಆಫ್ ಆಗುವುದೂ ಉಂಟು.

ಕೀಬೋರ್ಡ್, ಮೌಸ್ ಎರಡನ್ನೂ ಒಟ್ಟಿಗೆ ಹಾಕಲು ಯುಎಸ್‌ಬಿ ಹಬ್ ಬೇಕು, ಅಂದರೆ ಒಂದು ಕಿಂಡಿಯನ್ನು ಹಲವು ಮಾಡಿಕೊಡುವ ಡಬ್ಬಿ. ನಿಮ್ಮದು ವೈರ್‌ಲೆಸ್ ಜೋಡಿಯಾಗಿದ್ದು, ಎರಡಕ್ಕೂ ಸೇರಿ ಒಂದೇ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಇದ್ದರೆ ಹಬ್ಬೂ ಬೇಡ. ನನ್ನ ಪ್ರಕಾರ ಎಲ್ಲಕ್ಕಿಂತ ಸುಲಭದ್ದು ಇದೇ.

ಸಂಜೆಯ ಲೆಕ್ಕ

ಇದರ ನಿಜವಾದ ಉಪಯೋಗ ಗೊತ್ತಾಗುವುದು ಕಾಫಿ ಕೊಯ್ಲಿನ ಹೊತ್ತಿಗೆ. ಸಂಜೆ ಹಣ್ಣು ತೂಗುವಾಗ ರೈಟರು (ತೋಟದ ಲೆಕ್ಕ ಬರೆಯುವವರು) ಹೆಸರು, ಕೆ.ಜಿ. ಕೂಗುತ್ತಾ ಹೋಗುತ್ತಾರೆ. ಗೂಗಲ್ ಶೀಟ್ಸ್ ತೆರೆದಿಟ್ಟು, ಹೆಸರು ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಪಕ್ಕದ ಚೌಕ. ತೂಕ ಹಾಕಿ ಎಂಟರ್ ಒತ್ತಿದರೆ ಕೆಳಗಿನ ಸಾಲು. ಬಲಗಡೆ ಅಂಕಿಗಳ ಸಾಲು ಇರುವ ದೊಡ್ಡ ಕೀಬೋರ್ಡ್ ಆದರೆ ತೂಕ ನೋಡುತ್ತಲೇ ಒತ್ತಬಹುದು. ಅಂಕಿ ಬೀಳದಿದ್ದರೆ ನಮ್‌ಲಾಕ್ ಒತ್ತಿ.

ಕಂಟ್ರೋಲ್‌ ಜೊತೆ ಸಿ, ವಿ, ಝಡ್ ಕಂಪ್ಯೂಟರಿನಲ್ಲಿ ಇದ್ದಂತೆಯೇ ನಡೆಯುತ್ತವೆ. ಆಲ್ಟ್‌-ಟ್ಯಾಬ್ ಒತ್ತಿದರೆ ಶೀಟ್ಸ್‌ನಿಂದ ವಾಟ್ಸ್ಆ್ಯಪಿಗೆ ಹಾರಬಹುದು.

ಕನ್ನಡ ಬರೆಯುವವರಿಗೆ ಒಂದು ತೊಡಕಿದೆ. ಕೀಬೋರ್ಡ್ ಹಾಕಿದ ಕೂಡಲೇ ಪರದೆಯ ಕೀಬೋರ್ಡ್ ಮಾಯವಾಗಿ, ಇಂಗ್ಲಿಷ್ ಅಕ್ಷರ ಬೀಳತೊಡಗಬಹುದು. ಸೆಟ್ಟಿಂಗ್ಸ್‌ನಲ್ಲಿ ಫಿಸಿಕಲ್ ಕೀಬೋರ್ಡ್ ಎಂಬಲ್ಲಿಗೆ ಹೋಗಿ, ಪರದೆಯ ಕೀಬೋರ್ಡನ್ನೂ ತೋರಿಸುವ ಆಯ್ಕೆ ಆನ್ ಮಾಡಿ. ಆಗ ಜಿಬೋರ್ಡಿನ (ಗೂಗಲ್‌ನ ಪರದೆಯ ಕೀಬೋರ್ಡ್) ಮೈಕ್ ಒತ್ತಿ ಕನ್ನಡದಲ್ಲಿ ಹೇಳಿ ಬರೆಸಬಹುದು. ತಪ್ಪು ಬಿದ್ದಲ್ಲಿಗೆ ಮೌಸಿನಲ್ಲಿ ಹೋಗಿ ತಿದ್ದಿದರಾಯಿತು. ಉದ್ದದ ಪತ್ರಕ್ಕೆ ಬೆರಳಲ್ಲಿ ಒತ್ತುವುದಕ್ಕಿಂತ ಇದು ಎಷ್ಟೋ ವಾಸಿ.

ಬ್ಲೂಟೂತ್, ಐಫೋನ್

ಬ್ಲೂಟೂತ್ ಕೀಬೋರ್ಡ್ ಆದರೆ ಅದರ ಪೇರಿಂಗ್ ಬಟನ್ನನ್ನು ದೀಪ ಮಿನುಗುವ ತನಕ ಒತ್ತಿ ಹಿಡಿಯಿರಿ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರು ಬಂದಾಗ ಮುಟ್ಟಿ. ಪರದೆಯಲ್ಲಿ ಅಂಕಿಗಳು ಬಂದರೆ ಅವನ್ನು ಆ ಕೀಬೋರ್ಡಿನಲ್ಲೇ ಒತ್ತಿ ಎಂಟರ್ ಕೊಡಬೇಕು. ತುಂಬಾ ಜನ ಸಿಕ್ಕಿಬೀಳುವುದು ಇಲ್ಲೇ. ಚಾರ್ಜೋ ಸೆಲ್ಲೋ ಮುಗಿದರೆ ಇದರ ಕೆಲಸವೂ ನಿಂತಿತು. ಅದಕ್ಕೇ ಮಳೆಗಾಲಕ್ಕೆ ತಂತಿಯದ್ದೊಂದು ಮನೆಯಲ್ಲಿರಲಿ.

ಐಫೋನಿನಲ್ಲಿ ಮೌಸ್ ಬೇಕಾದರೆ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟಚ್, ಅಸಿಸ್ಟಿವ್ ಟಚ್ ಹೀಗೆ ಹೋಗಿ ಅದನ್ನು ಆನ್ ಮಾಡಬೇಕು. 2019ರ ಐಓಎಸ್ 13ರಿಂದ ಈ ಸೌಲಭ್ಯ ಇದೆ. ಐಪ್ಯಾಡಿಗೆ 2020ರಲ್ಲಿ ಬಂದ ಐಪ್ಯಾಡ್‌ಓಎಸ್ 13.4ರ ನಂತರ ಮೌಸ್ ನೇರವಾಗಿಯೇ ನಡೆಯುತ್ತದೆ. 2023ರ ಐಫೋನ್ 15ರಿಂದ ಈಚಿನವಕ್ಕೆ ಟೈಪ್‌-ಸಿ, ಅದಕ್ಕೂ ಹಿಂದಿನವಕ್ಕೆ ಲೈಟ್ನಿಂಗ್ ಅಡಾಪ್ಟರ್.

ಬಣ್ಣಬಣ್ಣದ ದೀಪ ಇರುವ ಗೇಮಿಂಗ್ ಕೀಬೋರ್ಡ್ ಮಾತ್ರ ಬೇಡ. ಅದು ಫೋನಿನ ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಸಾದಾ ಕೀಬೋರ್ಡಿಗೆ ಬೇಕಾದದ್ದು ತೀರಾ ಕಡಿಮೆ. ಚಾರ್ಜ್ ಆಗುತ್ತಲೇ ಕೆಲಸ ನಡೆಯಬೇಕೆಂದರೆ ಚಾರ್ಜರ್ ಹಾಕಲು ಜಾಗವಿರುವ ಹಬ್ ಕೊಳ್ಳಿ.

ಟಚ್ ಸತ್ತರೆ

ಫೋನ್ ಬಿದ್ದು ಟಚ್ ಕೆಟ್ಟಿದೆ, ಆದರೆ ಚಿತ್ರ ಕಾಣುತ್ತಿದೆ ಅನ್ನಿ. ಓಟಿಜಿಯಲ್ಲಿ ಮೌಸ್ ಹಾಕಿ, ಅದರಲ್ಲೇ ಪ್ಯಾಟರ್ನ್ ಎಳೆದು ಒಳಗೆ ಹೋಗಿ ಫೋಟೊ, ನಂಬರುಗಳನ್ನು ಬೇರೆ ಕಡೆಗೆ ಕಳಿಸಿಕೊಳ್ಳಬಹುದು. ಲಾಕ್ ಆಗಿರುವಾಗ ಯುಎಸ್‌ಬಿ ತಡೆಯುವ ಫೋನುಗಳಲ್ಲಿ ಇದು ನಡೆಯದು.

ಫೋನ್ ಮಳೆಯಲ್ಲಿ ನೆಂದಿದ್ದರೆ ಮಾತ್ರ ಈ ಅವಸರ ಬೇಡ. ಪೋರ್ಟಿನಲ್ಲಿ ತೇವ ಇದೆ ಎಂಬ ಎಚ್ಚರಿಕೆ ಬಂದಾಗ ಏನನ್ನೂ ಚುಚ್ಚಬೇಡಿ. ಒಲೆಯ ಹತ್ತಿರ ಇಡುವುದು, ಅಕ್ಕಿ ಡಬ್ಬಿಯಲ್ಲಿ ಹೂಳುವುದು ಎರಡೂ ಬೇಡ. ಬಾಯಿ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಡಿ. ಎಚ್ಚರಿಕೆ ಹೋದ ಮೇಲೆ ಓಟಿಜಿ ಸಿಕ್ಕಿಸಿ.