ಶಂಕರಾಭರಣದಿಂದ ಕಲ್ಯಾಣಿಗೆ: ಕೇಳಿದ ಬಣ್ಣವನ್ನು ಕಾಗದಕ್ಕೆ ಇಳಿಸಿದ ನನ್ನ ಅನುಭವ

ರಾಗ ಕೇಳಿದರೆ ಬಣ್ಣ ಕಾಣುತ್ತದೆಂದು ನಾನು ಹೇಳಿದಾಗಲೆಲ್ಲ ನಕ್ಕವರೇ ಹೆಚ್ಚು. ಬೆಂಗಳೂರಿನ ಜಯನಗರದಲ್ಲಿ ನನ್ನೊಡನೆ ಚಿತ್ರಶಾಲೆ ಹಂಚಿಕೊಂಡಿದ್ದ ಮಿತ್ರರೊಬ್ಬರು, "ನಿಮಗೆ ಕಾಣುವುದು ರಾಗದ ಬಣ್ಣವಲ್ಲ, ಚಿಕ್ಕಂದಿನಲ್ಲಿ ಕೇಳಿದ ಕ್ಯಾಸೆಟ್ಟಿನ ಹೊದಿಕೆ" ಎಂದಿದ್ದರು. ಅದರಲ್ಲಿ ಅರ್ಧ ಸತ್ಯವಿತ್ತೆಂದು ಒಪ್ಪಿಕೊಳ್ಳಲು ನನಗೆ ಸುಮಾರು 6 ವರ್ಷ ಬೇಕಾಯಿತು.

ಮೊದಲು ಕಛೇರಿಯ ಧ್ವನಿಮುದ್ರಣ ಹಾಕಿಕೊಂಡು, ಕೇಳುತ್ತಲೇ ಅಕ್ರಿಲಿಕ್‌ನಲ್ಲಿ ಬಿಡಿಸುತ್ತಿದ್ದೆ. ಅಕ್ರಿಲಿಕ್ ಒಣಗಿದರೆ ಗಾಢವಾಗುವುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಆದರೂ ರಾತ್ರಿ ಎಲ್‌ಇಡಿ ಬೆಳಕಿನಲ್ಲಿ ಬೆರೆಸಿದ್ದನ್ನು ಹಗಲಿನಲ್ಲಿ ನೋಡಿ, ರಾಗವೇ ಬಣ್ಣ ಬದಲಿಸಿತೆಂದು ನಂಬಿ, ಒಂದರ ಮೇಲೊಂದು ಕ್ಯಾನ್ವಾಸ್ ಕೆಡಿಸಿದವನು ನಾನೊಬ್ಬನೇ ಇರಬೇಕು. ಅದಕ್ಕೆ ಸುಮಾರು 40,000 ರೂಪಾಯಿ ಹೋಯಿತು. ಆ ವರ್ಷ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಬದಿಗೆ ಇಟ್ಟ 9 ಚಿತ್ರಗಳಲ್ಲಿ ಒಂದು ಮಾತ್ರ ಮಾರಾಟವಾಯಿತು, ಅದೂ ಕೊಂಡವರ ಸೋಫಾಕ್ಕೆ ಹೊಂದುತ್ತದೆಂಬ ಕಾರಣಕ್ಕೆ.

ನಾಟ್ಯಶಾಸ್ತ್ರವು ಕರುಣ ರಸಕ್ಕೆ ಪಾರಿವಾಳದ ಬಣ್ಣವನ್ನೂ ರೌದ್ರ ರಸಕ್ಕೆ ಕೆಂಪನ್ನೂ ಹೇಳುತ್ತದೆಂದು ಆ ದಾರಿಯನ್ನೂ ಹಿಡಿದು ನೋಡಿದೆ. ಚಿತ್ರ ಶಾಸ್ತ್ರಕ್ಕೆ ಒಪ್ಪಿತು, ನನ್ನ ಕಣ್ಣಿಗೆ ಒಪ್ಪಲಿಲ್ಲ.

ಕೊನೆಗೆ ಕ್ಯಾನ್ವಾಸ್ ಬದಿಗಿಟ್ಟು ಅಂಚೆ ಕಾರ್ಡಿನ ಗಾತ್ರದ ದಪ್ಪ ಕಾಗದಕ್ಕೆ ಬಂದೆ. ಪಕ್ಕದ ಮನೆಯ ವೀಣೆಯ ವಿದ್ಯಾರ್ಥಿನಿಯೊಬ್ಬರಿಂದ, ಕೃತಿಯಿಲ್ಲದೆ ಬರಿಯ ಸ್ವರಸಂಚಾರವಾಗಿ, 24 ರಾಗಗಳನ್ನು ಧ್ವನಿಮುದ್ರಿಸಿಕೊಂಡೆ. ಹೆಸರು ತಿಳಿಯದಂತೆ ಅವುಗಳ ಕ್ರಮ ಕಲಸಿ, ಬೆಳಿಗ್ಗೆ 10 ಗಂಟೆಗೆ ಉತ್ತರದ ಕಿಟಕಿಯ ಬಳಿ ಕುಳಿತು ಬಣ್ಣ ಬೆರೆಸಿ, ಒಣಗಿದ ಕಾರ್ಡನ್ನು ಲಕೋಟೆಗೆ ಹಾಕಿ ಅಂಟಿಸಿ, ಮೂರು ತಿಂಗಳ ನಂತರ ಹಳೆಯದನ್ನು ನೋಡದೆ ಮತ್ತೆ ಮಾಡಿದೆ. ಒಂದು ಇಂದ್ರಿಯದ ಅನುಭವ ಇನ್ನೊಂದನ್ನು ತಾನಾಗಿಯೇ ಎಬ್ಬಿಸುವ ಸಿನೆಸ್ತೇಷಿಯಾ ಇರುವವರ ಜೋಡಣೆಗಳು ಕಾಲ ಕಳೆದರೂ ಬಹುಮಟ್ಟಿಗೆ ಕದಲುವುದಿಲ್ಲ. ಪರೀಕ್ಷಿಸುವವರು ನೋಡುವುದೂ ಅದನ್ನೇ. ನಾಲ್ಕು ಸುತ್ತಿನ ಬಳಿಕ 11 ರಾಗಗಳು ಉಳಿದವು.

ಬಿದ್ದುಹೋದವುಗಳಲ್ಲಿ ಮೋಹನ ನನ್ನನ್ನು ಬಹಳ ನೋಯಿಸಿತು. ಅದರ ಬೆಲ್ಲದ ಬಣ್ಣವನ್ನು ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ. ಆದರೆ ಪರಿಚಿತ ಕೀರ್ತನೆ ಕೇಳಿದಾಗ ಮಾತ್ರ ಅದು ಬರುತ್ತಿತ್ತು, ಬರಿಯ ಸ್ವರಗಳಿಗೆ ಏನೂ ಕಾಣುತ್ತಿರಲಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವದಲ್ಲಿ, ಅಪ್ಪನ ತೊಡೆಯ ಮೇಲೆ ಕುಳಿತು ಪಾನಕ ಕುಡಿಯುತ್ತಾ ಕೇಳಿದ ಮೋಹನವದು. ಮಿತ್ರರು ಹೇಳಿದ ಕ್ಯಾಸೆಟ್ಟಿನ ಹೊದಿಕೆ ನನ್ನ ಪಾಲಿಗೆ ಪಾನಕದ ಲೋಟವಾಗಿತ್ತು.

ಶಂಕರಾಭರಣ ಮತ್ತು ಕಲ್ಯಾಣಿಗಳ ನಡುವೆ ಬದಲಾಗುವುದು ಮಧ್ಯಮ, ಅಂದರೆ 'ಮ' ಸ್ವರವೊಂದೇ. ಆದರೂ ನನಗೆ ಮಾಸಿದ ಕಾವಿಯು ನವಿಲಿನ ಕತ್ತಿನ ಹಸಿರಿಗೆ ಜಿಗಿಯುತ್ತದೆ. ಶ್ರುತಿ ಏರಿಸಿದರೆ ಬಣ್ಣ ತಿಳಿಯಾಗುತ್ತದೆಯೇ ಹೊರತು ಬೇರೆಯಾಗುವುದಿಲ್ಲ. ರಷ್ಯಾದ ಸಂಗೀತ ರಚನಕಾರ ಸ್ಕ್ರಿಯಾಬಿನ್ 1910ರ 'ಪ್ರೊಮಿಥಿಯಸ್' ಕೃತಿಯಲ್ಲಿ ಬೆಳಕಿಗೇ ಪ್ರತ್ಯೇಕ ಸಾಲು ಬರೆದು, ಪಾಶ್ಚಾತ್ಯ ಸ್ವರಗಳಿಗೆ ಒಂದೊಂದು ಬಣ್ಣ ಕಟ್ಟಿದ್ದರು. ಆಧಾರ ಸ್ವರವಾದ ಷಡ್ಜವೇ ಗಾಯಕರ ಕಂಠಕ್ಕೆ ತಕ್ಕಂತೆ ಸರಿಯುವ ನಮ್ಮಲ್ಲಿ ಆ ಕಟ್ಟು ನಿಲ್ಲುವುದಿಲ್ಲ. ನಾನು ಷಡ್ಜಕ್ಕೆ ಕಾಗದದ ಬಿಳಿಯನ್ನೇ ಬಿಟ್ಟು, ಉಳಿದ ಸ್ವರಗಳನ್ನು ಅದರಿಂದ ಅಳೆದೆ. ಅಳತೆಯ ಪ್ರಮಾಣವನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೋಹನವನ್ನು ಬಿಡಲು ಮನಸ್ಸಾಗದೆ, ಉಳಿದ 11 ರಾಗಗಳ ಚಿತ್ರಗಳ ಪ್ರದರ್ಶನದಲ್ಲಿ ಅದಕ್ಕೊಂದು ಖಾಲಿ ಚೌಕಟ್ಟು ತೂಗುಹಾಕಿ, ಕೆಳಗೆ ಏಲಕ್ಕಿ, ಶುಂಠಿ, ಬೆಲ್ಲದ ನೀರನ್ನು ಮಡಕೆಯಲ್ಲಿಟ್ಟೆ. ಜನ ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ. ಎರಡನೆಯ ದಿನ ಇರುವೆಗಳೂ ನಿಂತವು. ಶಿವಾಜಿನಗರದಿಂದ ತಂದ ಮಣ್ಣಿನ ಅತ್ತರನ್ನು, ಮಳೆ ತರಿಸುತ್ತದೆಂಬ ಪ್ರತೀತಿಯಿರುವ ಅಮೃತವರ್ಷಿಣಿ ರಾಗಕ್ಕೆ ಇಟ್ಟದ್ದು ಮಾತ್ರ ಸೋತಿತು. ಮಳೆಯ ವಾಸನೆ ಬಂದೊಡನೆ ಯಾರೂ ಚಿತ್ರವನ್ನು ನೋಡಲಿಲ್ಲ.

ಹನ್ನೊಂದರಲ್ಲಿ 7 ಮಾರಾಟವಾಗಿ, ಚೌಕಟ್ಟು ಮತ್ತು ಬಾಡಿಗೆ ಕಳೆದು 60,000ದ ಆಸುಪಾಸು ಕೈಗೆ ಬಂತು. ಕೊನೆಯ ದಿನ ಬಂದ ಆ ಮಿತ್ರರ ಎದುರಿಗೇ ಹೆಸರಿಲ್ಲದ ಧ್ವನಿಮುದ್ರಣ ಕೇಳಿ ಬಣ್ಣ ಬೆರೆಸಿದೆ. ಅವರು ವರ್ಷದ ಹಿಂದಿನ ಲಕೋಟೆಯನ್ನು ತಾವೇ ಹರಿದು, ಎರಡು ಕಾರ್ಡುಗಳನ್ನೂ ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ಹಿಡಿದು ನೋಡಿದರು. ಹಳೆಯ ಕಾರ್ಡನ್ನು ಇನ್ನೂ ಹಿಂದಿರುಗಿಸಿಲ್ಲ.