ಮಗನ ಎಕ್ಸಿಮಾ, ಅಮ್ಮನ ಕಡ್ಲೆಹಿಟ್ಟು, ನನ್ನ ಅನುಭವ

ಮಗನಿಗೆ ಐದು ತಿಂಗಳಿದ್ದಾಗ ಎರಡೂ ಕೆನ್ನೆ ಕೆಂಪಗಾಗಿ ಒರಟಾಗೋಕೆ ಶುರುವಾಯ್ತು. ಡಿಸೆಂಬರ್ ತಿಂಗಳು, ಬೆಂಗಳೂರಿನ ಒಣ ಚಳಿ, ಹಂಗಾಗಿ ಚಳಿಗೆ ಕೆನ್ನೆ ಒಡೆದಿದೆ ಅಂದ್ಕೊಂಡ್ವಿ. ಅಮ್ಮ ಕುಮಟಾದಿಂದ ಬಂದಿದ್ರು, ದಿನಾ ಎಣ್ಣೆ ತಿಕ್ಕಿ, ಹಬೆಯಾಡೋ ಬಿಸಿ ನೀರು ಹೊಯ್ದು, ಕಡ್ಲೆಹಿಟ್ಟಿಗೆ ಹಾಲಿನ ಕೆನೆ ಅರಿಶಿನ ಕಲಸಿ ಉಜ್ಜಿ ಮೀಯಿಸ್ತಿದ್ರು, ನಮ್ಮನ್ನೆಲ್ಲ ಬೆಳೆಸಿದ್ದೂ ಹಾಗೇ ಅಲ್ವಾ. ಆದ್ರೆ ಇವನು ಸ್ನಾನ ಆಗಿ ಅರ್ಧ ಗಂಟೆಗೆಲ್ಲ ಕಿರಿಕಿರಿ ಮಾಡ್ತಾ ಅಳೋನು, ರಾತ್ರಿಯಿಡೀ ಕೆನ್ನೆನ ನನ್ನ ಭುಜಕ್ಕೆ ಉಜ್ಜೋನು, ಒಂದು ದಿನ ಬೆಳಿಗ್ಗೆ ನೋಡಿದ್ರೆ ನನ್ನ ನೈಟಿ ಭುಜದ ಮೇಲೆ ರಕ್ತದ ಚುಕ್ಕೆ. ಅವತ್ತು ನಾನೂ ಅವನ ಜೊತೆ ಅತ್ತೆ.

ಇದು ಎಕ್ಸಿಮಾ, ಅಂದ್ರೆ ಚರ್ಮ ಒಣಗಿ ಕೆಂಪಾಗಿ ತುರಿಸೋ ತೊಂದರೆ, ಊರಲ್ಲಿ ಇದಕ್ಕೆ ಇಸುಬು ಅಂತಾರೆ. ಹೇಳೋರಿಗೇನು ಕಮ್ಮಿ ಇಲ್ಲ, ನಂಜು ಆಗಿದೆ ನೀನು ಬದನೆಕಾಯಿ ತಿನ್ಬೇಡ ಅಂದ್ರು, ಮೀನು ಬೇಡ, ಕಡ್ಲೆಕಾಯಿ ಬೇಡ, ಮೊಟ್ಟೆ ಬೇಡ, ಕೊನೆಗೆ ಹಾಲೂ ಬೇಡ ಅಂದ್ರು, ಎಲ್ಲ ಬಿಟ್ಟೆ. ಎರಡು ತಿಂಗಳು ಅನ್ನ ತಿಳಿಸಾರಿನ ಮೇಲೆ ಇದ್ದು ನಾನು ಸೊರಗಿದೆ ಹೊರತು ಅವನ ಕೆನ್ನೆ ಹಾಗೇ ಇತ್ತು. ಆಮೇಲೆ ನಾನು ಮಾಡಿದ ದೊಡ್ಡ ತಪ್ಪು, ಮೆಡಿಕಲ್ ಶಾಪ್‌ನಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚಿದ್ದು. ನಾಲ್ಕೇ ದಿನಕ್ಕೆ ಕೆನ್ನೆ ನುಣ್ಣಗಾಯ್ತು, ಮನೆಯವರೆಲ್ಲ ಖುಷಿ, ನಿಲ್ಲಿಸಿದ ವಾರಕ್ಕೆ ಎರಡರಷ್ಟಾಗಿ ವಾಪಸ್ ಬಂತು. ಚರ್ಮದ ಡಾಕ್ಟ್ರು ಆ ಟ್ಯೂಬ್ ನೋಡಿ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಸ್ಟ್ರಾಂಗ್ ಸ್ಟೀರಾಯ್ಡು, ಆಂಟಿಬಯಾಟಿಕ್ಕು, ಫಂಗಸ್ ಔಷಧಿ ಮೂರೂ ಬೆರೆಸಿದ ಕ್ರೀಮ್ ಅದು, ಮಗು ಮುಖಕ್ಕೆ ಹಚ್ಚೋದೇ ಅಲ್ಲ. ದಯವಿಟ್ಟು ಯಾರೂ ಹೀಗೆ ಮಾಡ್ಬೇಡಿ.

ಡಾಕ್ಟ್ರು ಹೇಳಿದ್ದನ್ನ ನಾನು ನಮ್ಮೂರ ಭಾಷೆಲಿ ಅರ್ಥ ಮಾಡ್ಕೊಂಡಿದ್ದು ಹೀಗೆ: ಇಂಥ ಮಕ್ಕಳ ಚರ್ಮ ಹೆಂಚು ಸರಿದ ಮಾಡಿನ ಥರ. ಒಳಗಿನ ನೀರಿನಂಶ ಆವಿಯಾಗಿ ಹೊರಗೆ ಹೋಗತ್ತೆ, ಹೊರಗಿನ ಧೂಳು ಸೋಪು ಬೆವರು ಒಳಗೆ ಇಳಿಯತ್ತೆ. ಚರ್ಮದ ಮೇಲ್ಪದರನ ಗಟ್ಟಿ ಮಾಡೋ ಫಿಲಾಗ್ರಿನ್ ಅನ್ನೋ ಪ್ರೋಟೀನ್ ಕೆಲವು ಮಕ್ಕಳಲ್ಲಿ ಹುಟ್ಟಿನಿಂದ್ಲೇ ಕಮ್ಮಿ ಇರತ್ತಂತೆ. ನಮ್ಮ ಮನೆಯವರಿಗೆ ಚಿಕ್ಕಂದಿನಲ್ಲಿ ಅಸ್ತಮಾ ಇತ್ತು, ಆ ವಂಶದ ಎಳೆ ಇವನಿಗೆ ಹೀಗೆ ಬಂದಿದೆ. ಅಂದ್ರೆ ನಾನು ತಿಂದ ಬದನೆಕಾಯಿಯಿಂದ ಬಂದಿದ್ದಲ್ಲ. ಅದನ್ನ ಕೇಳಿದಾಗ ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು.

ಮೊದಲು ಸ್ನಾನ ಬದಲಾಯಿಸಿದ್ವಿ. ಉಗುರುಬೆಚ್ಚಗಿನ ನೀರು, ಮೊಣಕೈ ಅದ್ದಿ ನೋಡಿ, ಐದರಿಂದ ಹತ್ತು ನಿಮಿಷ, ಅಷ್ಟೇ. ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9-10 ಇರತ್ತೆ, ಚರ್ಮದ್ದು 5ರ ಆಸುಪಾಸು, ಅದಕ್ಕೆ ಡಾಕ್ಟ್ರು 5.5ರ ಸಿಂಡೆಟ್ ಬಾರ್ (ಸೋಪಿನ ಥರ ಕಂಡ್ರೂ ಸೋಪಲ್ಲದ ಮೆದು ಬಾರ್) ಬರ್ಕೊಟ್ರು, ಅದೂ ಕತ್ತು ಕಂಕುಳು ತೊಡೆಸಂದಿಗೆ ಮಾತ್ರ. ಅಮ್ಮನಿಗೆ ಕಡ್ಲೆಹಿಟ್ಟು ಬಿಡಿಸೋದು ಕಷ್ಟ ಆಯ್ತು, ಬೇಜಾರು ಮಾಡ್ಕೊಂಡ್ರು. ಆದ್ರೆ ಒಡೆದ ಚರ್ಮದ ಮೇಲೆ ತಿನ್ನೋ ಪದಾರ್ಥ ಹಚ್ತಾ ಹೋದ್ರೆ, ಹಾಲು ಕಡ್ಲೆ ಏನೇ ಇರ್ಲಿ, ದೇಹ ಅದನ್ನ ಶತ್ರು ಅಂತ ಗುರುತಿಟ್ಕೊಂಡು ಮುಂದೆ ತಿಂದಾಗ ಅಲರ್ಜಿ ಆಗೋ ಸಾಧ್ಯತೆ ಇದೆ ಅಂತ ಡಾಕ್ಟ್ರು ಅಮ್ಮನ್ನೇ ಎದುರಿಗೆ ಕೂರಿಸ್ಕೊಂಡು ವಿವರಿಸಿದ್ಮೇಲೆ ಅಮ್ಮಾನೇ ಆ ಡಬ್ಬಿ ಎತ್ತಿಟ್ರು.

ಆಮೇಲೆ ಹಚ್ಚೋದು. ಹಳೇ ಕಾಟನ್ ಪಂಚೆಯಲ್ಲಿ ಒತ್ತಿ ಒತ್ತಿ ಒರೆಸೋದು, ತಿಕ್ಕಬಾರದು, ಮೈ ಇನ್ನೂ ಸ್ವಲ್ಪ ಪಸೆ ಇರ್ಬೇಕಾದ್ರೇ ಮೂರು ನಿಮಿಷದೊಳಗೆ ಮಾಯಿಶ್ಚರೈಸರ್. ನನಗೆ ಗೊತ್ತಿಲ್ದೇ ಇದ್ದಿದ್ದು ಎಷ್ಟು ಹಚ್ಬೇಕು ಅನ್ನೋದು. ನಾನು 50 ಗ್ರಾಂ ಟ್ಯೂಬನ್ನ ಒಂದು ತಿಂಗಳು ಎಳೀತಿದ್ದೆ, ಡಾಕ್ಟ್ರು ವಾರಕ್ಕೇ 200-250 ಗ್ರಾಂ ಖಾಲಿ ಆಗ್ಬೇಕು ಅಂದ್ರು, ಕೇಳಿ ದಂಗಾದೆ. ಅಷ್ಟು ದುಬಾರಿ ಕ್ರೀಮ್ ಕೊಳ್ಳೋಕಾಗಲ್ಲ ಅಂದಾಗ ವಾಸನೆ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ದೊಡ್ಡ ಡಬ್ಬಿನೂ ಆಗತ್ತೆ ಅಂದ್ರು, ಹಗಲು ಕ್ರೀಮು ರಾತ್ರಿ ಜೆಲ್ಲಿ ಅಂತ ಮಾಡ್ಕೊಂಡ್ವಿ. ನಿಜವಾದ ಬದಲಾವಣೆ ಕಂಡಿದ್ದು ಈ ಪ್ರಮಾಣ ಹೆಚ್ಚಿಸಿದ್ಮೇಲೆ.

ಇನ್ನು ಮನೆಮದ್ದು. ಬೇವಿನ ಎಲೆ ಕುದಿಸಿದ ನೀರು ಹಾಕಿದೆ, ಉರಿ ತಾಳಕ್ಕಾಗದೆ ಕಿರುಚಿದ, ಅವತ್ತೇ ಬಿಟ್ಟೆ. ಕುಂಡದ ಲೋಳೆಸರನೂ ಹಾಗೇ, ಎಲೆ ಕುಯ್ದಾಗ ಬರೋ ಹಳದಿ ರಸ ತಾಗಿ ಇನ್ನಷ್ಟು ಕೆಂಪಾಯ್ತು. ಪಕ್ಕದ ಮನೆಯವರು ಸಾಸಿವೆ ಎಣ್ಣೆ ಅಂದ್ರು, ಇನ್ಯಾರೋ ಆಲಿವ್ ಆಯಿಲ್ ಅಂದ್ರು, ಇವೆರಡೂ ಇಂಥ ಚರ್ಮಕ್ಕೆ ಒಳ್ಳೇದಲ್ಲ ಅಂತ ಡಾಕ್ಟ್ರು ತಡೆದ್ರು. ನಮಗೆ ಕೈ ಹಿಡಿದಿದ್ದು ಎರಡು. ಒಂದು, ತೆಂಗಿನೆಣ್ಣೆ, ಒಣ ಕೊಬ್ಬರಿಯಿಂದ ತೆಗೆದಿದ್ದಲ್ಲ, ಹಸಿ ಕಾಯಿಹಾಲಿನಿಂದ ತೆಗೆದಿದ್ದು, ಇದನ್ನೇ ವರ್ಜಿನ್ ತೆಂಗಿನೆಣ್ಣೆ ಅಂತಾರೆ. ಫಿಲಿಪ್ಪೀನ್ಸ್‌ನಲ್ಲಿ 117 ಮಕ್ಕಳಿಗೆ ಎಂಟು ವಾರ ಹಚ್ಚಿ ನೋಡಿದ್ದಾರೆ, ವರ್ಜಿನ್ ತೆಂಗಿನೆಣ್ಣೆ ಹಚ್ಚಿದ ಮಕ್ಕಳಲ್ಲಿ ಎಕ್ಸಿಮಾ ಎಷ್ಟು ಜೋರಾಗಿದೆ ಅಂತ ಅಳೆಯೋ ಸ್ಕೋರ್ ಸರಾಸರಿ 68% ಇಳಿದಿದೆ, ಮಿನರಲ್ ಆಯಿಲ್ ಹಚ್ಚಿದವರಲ್ಲಿ 38%. ಅದು ಸಾಧಾರಣ ಮಟ್ಟದ ಎಕ್ಸಿಮಾಕ್ಕೆ, ಉರಿದು ರಸ ಸೋರ್ತಿರೋದಕ್ಕಲ್ಲ. ಸ್ನಾನಕ್ಕೆ ಮುಂಚೆ ಹಚ್ಚಿ ತೊಳೆಯೋ ಬದಲು ಸ್ನಾನ ಆದ್ಮೇಲೆ ಹಚ್ಚಿ ಹಾಗೇ ಬಿಟ್ವಿ. ಅಮ್ಮನಿಗೆ ಎಣ್ಣೆ ಡಬ್ಬಿ ಮತ್ತೆ ಕೈಗೆ ಬಂದಿದ್ದು ಸಮಾಧಾನ.

ಇನ್ನೊಂದು ಓಟ್ಸ್. ಸಾದಾ ಓಟ್ಸ್‌ನ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಒಂದು ಚಮಚ ಲೋಟದ ನೀರಿಗೆ ಹಾಕಿ ನೋಡ್ಬೇಕು, ನೀರು ಹಾಲಿನ ಥರ ಆದ್ರೆ ಸರಿ, ತಳಕ್ಕೆ ಕೂತ್ರೆ ಇನ್ನೂ ರುಬ್ಬಬೇಕು. ಒಂದು ಮುಷ್ಟಿ ಟಬ್ ನೀರಿಗೆ ಹಾಕಿ ಹತ್ತು ನಿಮಿಷ ಕೂರಿಸ್ತಿದ್ದೆ, ತುರಿಕೆ ಕಮ್ಮಿಯಾಗಿ ಅವತ್ತು ರಾತ್ರಿ ನಿದ್ದೆ ಮಾಡ್ತಿದ್ದ. ಟಬ್ ತುಂಬ ಜಾರತ್ತೆ, ಕೈ ಬಿಡ್ಬೇಡಿ. ಓಟ್ಸೂ ತಿನ್ನೋದೇ ಆದ್ದರಿಂದ ಚರ್ಮ ಒಡೆದಿದ್ದಾಗ ಹಾಕ್ತಿರ್ಲಿಲ್ಲ.

ಆದ್ರೆ ಕೆಂಪಗೆ ಉರೀತಿರೋ ಜಾಗಕ್ಕೆ ಎಣ್ಣೆ ಓಟ್ಸ್ ಯಾವುದೂ ಸಾಲಲ್ಲ, ಇದನ್ನ ಒಪ್ಕೊಳೋಕೆ ನನಗೆ ವರ್ಷ ಹಿಡೀತು. ಡಾಕ್ಟ್ರು ಕೊಟ್ಟ ಮೆದು ಸ್ಟೀರಾಯ್ಡ್ ಕ್ರೀಮ್‌ಗೂ ಹೆದರಿ ಕಾಳಿನಷ್ಟೇ ಹಚ್ತಿದ್ದೆ, ಅದರಿಂದ ಐದು ದಿನಕ್ಕೆ ಹೋಗೋದು ತಿಂಗಳು ಎಳೀತು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದ್ರೆ ಸುಮಾರು ಅರ್ಧ ಗ್ರಾಂ, ಅದು ಬೆರಳೂ ಸೇರಿ ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು, ಈ ಅಳತೆ ಡಾಕ್ಟ್ರು ಕೈ ಹಿಡಿದು ತೋರಿಸಿದ್ರು. ಅವರು ಹೇಳಿದಷ್ಟು ದಿನ ಹಚ್ಚಿ ನಿಲ್ಲಿಸಿದೆ, ಆಮೇಲಿನ ಕಾವಲು ಮಾಯಿಶ್ಚರೈಸರ್ ಎಣ್ಣೆದು.

ಎರಡು ವರ್ಷ ಆಗ್ತಿದ್ದ ಹಾಗೆ ಕೆನ್ನೆದು ಹೋಗಿ ಮೊಣಕೈ ಮಂಡಿ ಸಂದಿಗೆ ಬಂತು. ಏಪ್ರಿಲ್‌ನಲ್ಲಿ ಕುಮಟಾಕ್ಕೆ ಹೋದ್ರೆ ಬೆವರಿಗೆ ತುರಿಕೆ, ಆಟ ಆಡಿ ಬಂದ ತಕ್ಷಣ ಬರೀ ನೀರು ಹಾಕಿ ಒರೆಸಿ ಹಚ್ಚಿಬಿಡೋದು. ಸ್ವೆಟರ್ ಒಳಗೆ ಯಾವಾಗ್ಲೂ ಕಾಟನ್ ಬನಿಯನ್, ಬಟ್ಟೆ ಎರಡು ಸಲ ಜಾಲಿಸೋದು, ಉಗುರು ವಾರಕ್ಕೊಮ್ಮೆ. ಒಂದ್ಸಲ ಮಂಡಿ ಹಿಂದೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿ ರಸ ಸೋರಿ ಜ್ವರನೂ ಬಂತು, ಅದು ಸೋಂಕು, ಅವತ್ತು ಏನೂ ಹಚ್ಚದೆ ಸೀದಾ ಡಾಕ್ಟ್ರ ಹತ್ರ ಓಡಿದ್ವಿ. ನೋವಿರೋ ಸಣ್ಣ ಗುಳ್ಳೆ ಗುಂಪುಗುಂಪಾಗಿ ಎದ್ರೂ ಕಾಯ್ಬಾರದು.

ಈಗ ಅವನಿಗೆ ನಾಲ್ಕೂವರೆ. ಸ್ನಾನ ಆದ್ಮೇಲೆ ತಾನೇ ಡಬ್ಬಿ ತಗೊಂಡು ಬಂದು ಮಂಡಿಗೆ ಹಚ್ಕೋತಾನೆ, ಬೆನ್ನು ನಾನು ಹಚ್ತೀನಿ. ಚಳಿ ಶುರುವಾದಾಗಿಂದ ಮೊಣಕೈ ಸಂದಿ ಮತ್ತೆ ಸ್ವಲ್ಪ ಒರಟಾಗಿದೆ, ದಿನಕ್ಕೆ ಮೂರು ಸಲ ಹಚ್ತಿದೀವಿ, ಅಮ್ಮ ಮೊನ್ನೆ ಬಸ್ಸಲ್ಲಿ ಕಾಯಿಹಾಲಿನ ಎಣ್ಣೆ ಎರಡು ಬಾಟ್ಲಿ ಕಳ್ಸಿದಾರೆ.