ಏರ್ ತೆಗೆದ ಮೇಲೂ ಬ್ರೇಕ್ ಪೆಡಲ್ ಗಟ್ಟಿಯಾಗದಿದ್ದಾಗ

ಮೂಡಿಗೆರೆಯ ನನ್ನ ಗ್ಯಾರೇಜಿಗೆ ಬರುವ ವಾಹನಗಳಲ್ಲಿ ಹೆಚ್ಚಿನವು ಚಾರ್ಮಾಡಿ ಘಾಟಿಯನ್ನು ಹತ್ತಿ ಇಳಿಯುವಂಥವು. ಆದ್ದರಿಂದ ಬ್ರೇಕಿನ ವಿಷಯದಲ್ಲಿ ‘ಸದ್ಯಕ್ಕೆ ನಡೆಯುತ್ತದೆ’ ಎಂಬ ಮಾತಿಗೆ ನಾನು ಒಪ್ಪುವುದಿಲ್ಲ. ಈಚೆಗೆ ತೋಟದ ಮಾಲೀಕರೊಬ್ಬರು ತಂದ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಕಾರಿಗೆ ಮುಂದಿನ ಎರಡೂ ಕ್ಯಾಲಿಪರ್‌ಗಳನ್ನು, ಅಂದರೆ ಡಿಸ್ಕನ್ನು ಅಮುಕಿ ಹಿಡಿಯುವ ಭಾಗಗಳನ್ನು, ಬೇರೆ ಗ್ಯಾರೇಜಿನಲ್ಲಿ ಬದಲಾಯಿಸಲಾಗಿತ್ತು. ನಾಲ್ಕೂ ಚಕ್ರಗಳಲ್ಲಿ ಏರ್ ತೆಗೆದು, ಅಂದರೆ ಬ್ರೇಕ್ ಪೈಪಿನೊಳಗಿನ ಗಾಳಿಯನ್ನು ಹೊರಹಾಕಿ, ಅದಕ್ಕೆಂದೇ ಇರುವ ಸಣ್ಣ ನಿಪ್ಪಲ್‌ಗಳಿಂದ ಶುದ್ಧ ಆಯಿಲ್ ಬರುತ್ತಿದ್ದರೂ ಪೆಡಲ್ ಮಾತ್ರ ನೆಲದವರೆಗೆ ಇಳಿಯುತ್ತಿತ್ತು.

ಇಂಥ ಸ್ಥಿತಿಯಲ್ಲಿ ಇನ್ನೊಂದು ಬಾಟಲಿ ಆಯಿಲ್ ಸುರಿಯುವ ಮೊದಲು ಪೆಡಲ್ ಏನು ಹೇಳುತ್ತಿದೆ ಎಂಬುದನ್ನು ಕಾಲಿನಿಂದಲೇ ತಿಳಿಯಬೇಕು. ಎರಡು ಮೂರು ಸಲ ಬೇಗ ಬೇಗ ತುಳಿದಾಗ ಪೆಡಲ್ ಮೇಲೆ ಬಂದರೆ, ಒಂದೋ ಪೈಪಿನಲ್ಲಿ ಗಾಳಿ ಉಳಿದಿದೆ, ಇಲ್ಲವೇ ಹಿಂದಿನ ಚಕ್ರದ ಡ್ರಮ್ಮಿಗೂ ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಶೂಗಳಿಗೂ ನಡುವೆ ಅಂತರ ಹೆಚ್ಚಾಗಿದೆ. ಒಂದೇ ಸಮನೆ ತುಳಿದು ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಿದ್ದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲುಗಳನ್ನು ದಾಟಿ ಆಯಿಲ್ ಹಿಂದಕ್ಕೆ ಹೋಗುತ್ತಿರುವ ಸಂಭವ ಹೆಚ್ಚು. ಹಳೆಯ ಸಿಲಿಂಡರುಗಳಲ್ಲಿ ಏರ್ ತೆಗೆಯುವಾಗಲೇ ಈ ತೊಂದರೆ ಹುಟ್ಟುವುದುಂಟು. ಪೆಡಲನ್ನು ಪೂರ್ತಿ ತುಳಿದಾಗ ಸೀಲು ದಿನನಿತ್ಯ ತಲುಪದ, ತುಕ್ಕು ಹಿಡಿದ ಭಾಗದವರೆಗೆ ಸರಿದು, ಹರಿದು ಹಾಳಾಗುತ್ತದೆ. ಅದಕ್ಕಾಗಿಯೇ ನಾನು ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟು ಏರ್ ತೆಗೆಸುತ್ತೇನೆ.

ಈ ಕಾರಿನಲ್ಲಿ ಪೆಡಲ್ ತುಳಿದಂತೆ ಮೇಲೆ ಬರುತ್ತಿತ್ತು, ಆದರೆ ಮೆತ್ತಗಿತ್ತು. ಚಕ್ರಗಳಿಗೆ ಹೋಗುವ ರಬ್ಬರ್ ಹೋಸುಗಳನ್ನೆಲ್ಲ ನುಣುಪಾದ ದುಂಡು ಅಂಚಿನ ಹೋಸ್ ಕ್ಲಾಂಪುಗಳಿಂದ ಒತ್ತಿ ಮುಚ್ಚಿದಾಗ ಪೆಡಲ್ ಕಲ್ಲಿನಂತೆ ನಿಂತಿತು. ಅಲ್ಲಿಗೆ ಮಾಸ್ಟರ್ ಸಿಲಿಂಡರ್ ಸರಿಯಿದೆ ಎಂಬುದು ಖಚಿತವಾಯಿತು. ಬಿರುಕು ಬಿಟ್ಟ ಹೋಸುಗಳಿಗೆ ಈ ಪರೀಕ್ಷೆ ಸಲ್ಲದು, ಅವನ್ನು ಬದಲಿಸುವುದೇ ಸರಿ; ಇಕ್ಕಳದಿಂದ ಹಿಡಿಯುವುದಂತೂ ಕೂಡದು. ಬಳಿಕ ಒಂದೊಂದೇ ಕ್ಲಾಂಪ್ ಬಿಡುತ್ತ ಬಂದೆ. ಹಿಂದಿನವನ್ನು ಬಿಟ್ಟಾಗ ಪೆಡಲ್ ತುಸು ಇಳಿಯಿತು. ಮುಂದಿನವನ್ನು ಬಿಟ್ಟೊಡನೆ ಪೂರ್ತಿ ಕುಸಿಯಿತು.

ಚಕ್ರ ಬಿಚ್ಚಿ ನೋಡಿದರೆ ಎಡಗಡೆಯ ಕ್ಯಾಲಿಪರ್ ಬಲಕ್ಕೂ ಬಲಗಡೆಯದು ಎಡಕ್ಕೂ ಕೂತಿದ್ದವು. ಹಲವು ಕಾರುಗಳಲ್ಲಿ ಇವೆರಡೂ ಯಾವ ಬದಿಗಾದರೂ ಸಲೀಸಾಗಿ ಹೊಂದಿಕೊಳ್ಳುತ್ತವೆಯಾದ್ದರಿಂದ ಈ ಅದಲುಬದಲು ಮೇಲುನೋಟಕ್ಕೆ ತಿಳಿಯುವುದಿಲ್ಲ. ಆದರೆ ಆಗ ನಿಪ್ಪಲ್ ಕೆಳಬದಿಗೆ ಬರುತ್ತದೆ. ಗಾಳಿ ಯಾವಾಗಲೂ ಮೇಲಕ್ಕೇರಿ ಪಿಸ್ಟನ್ನಿನ ಹಿಂದೆ ಕೂರುವುದರಿಂದ, ಕೆಳಗಿನ ನಿಪ್ಪಲ್‌ನಿಂದ ಎಷ್ಟು ಆಯಿಲ್ ಹರಿಸಿದರೂ ಆ ಗಾಳಿ ಹೊರಬರದು. ಅವೆರಡನ್ನೂ ಅದಲುಬದಲು ಮಾಡಿ, ನಿಪ್ಪಲ್ ಮೇಲ್ಬದಿಗೆ ಬರುವಂತೆ ಕೂರಿಸಿ ಏರ್ ತೆಗೆದಾಗ ಗುಳ್ಳೆಗಳು ಒಂದರ ಹಿಂದೊಂದು ಬಂದವು.

ಉಳಿದ ತುಸು ಇಳಿತಕ್ಕೆ ಹಿಂದಿನ ಶೂಗಳ ಅಂತರವೇ ಕಾರಣವಾಗಿತ್ತು. ಹ್ಯಾಂಡ್ ಬ್ರೇಕ್ ಕೇಬಲನ್ನು ಸಡಿಲಿಸಿ, ಡ್ರಮ್ ತಿರುಗುವಾಗ ಶೂ ಅಲ್ಪವಷ್ಟೇ ಸವರುವಂತೆ ಅಡ್ಜಸ್ಟ್ ಮಾಡಿ, ಆಮೇಲೆ ಕೇಬಲನ್ನು ಬಿಗಿಮಾಡಿದೆ. ಆಯಿಲನ್ನೂ ಹೊಸ ಸೀಲ್ಡ್ ಬಾಟಲಿಯದನ್ನೇ ಹಾಕಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿನ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು; ತೇವ ಹೀರಿದ ಸ್ಥಿತಿಗೆ ನಿಗದಿಯಾದ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಬಾಟಲಿಯನ್ನು ನಂಬಿ ಘಾಟಿ ಇಳಿಯುವಂತಿಲ್ಲ.

ಎಂಜಿನ್ ಚಾಲೂ ಮಾಡಿದಾಗ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರಿನಿಂದಾಗಿ ಪೆಡಲ್ ತುಸು ಇಳಿದು ಅಲ್ಲಿಯೇ ಗಟ್ಟಿಯಾಗಿ ನಿಂತಿತು. ಗ್ಯಾರೇಜಿನ ಅಂಗಳದಲ್ಲಿ, ಅನಂತರ ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಿ, ಹೋಸುಗಳ ಜೋಡಣೆ ಒಣಗಿದ್ದುದನ್ನು ಮತ್ತೊಮ್ಮೆ ನೋಡಿಕೊಂಡ ಮೇಲೆಯೇ ಕಾರನ್ನು ಮಾಲೀಕರಿಗೆ ಒಪ್ಪಿಸಿದೆ.